ನೆಗ್ಗಿದ ಪಾವು

ದೀಪಾವಳಿಗೆ ಇನ್ನೂ ಒಂದು ವಾರ ಇತ್ತು. ಬೆಳಗಿನ ಕಾಫಿ ಲೋಟ ಕೈಗೆ ಬರುವ ಹೊತ್ತಿಗೆ ಸರಿಯಾಗಿ ಮೆಲ್ಬರ್ನಿನಿಂದ ತಂಗಿಯ ವಿಡಿಯೊ ಕಾಲ್ ಬಂತು. ಪರದೆಯಲ್ಲಿ ಅವಳ ಮುಖ ಕಾಣಲಿಲ್ಲ, ಬಾಣಲೆ ಕಾಣಿಸಿತು. ಎಣ್ಣೆಯಲ್ಲಿ ಕಂದುಬಣ್ಣದ್ದೇನೋ ಚೂರುಚೂರಾಗಿ ತೇಲುತ್ತಿತ್ತು.

“ಏನೇ ಇದು?”

“ಕಜ್ಜಾಯ.”

“ಹಾಗಂತ ಯಾರು ಹೇಳಿದ್ರು?”

ನಗುವ ಸ್ಥಿತಿಯಲ್ಲಿ ಅವಳಿರಲಿಲ್ಲ. “ಅಣ್ಣ, ತಮಾಷೆ ಆಮೇಲೆ. ಅಜ್ಜಿ ಪಾವು ಎಷ್ಟು ಎಂಎಲ್ಲು?” ಅಂದಳು.

ಅರವತ್ತು ದಾಟಿದ ನನ್ನನ್ನು ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಪಾವು ಎಂದರೆ ಪಾವು. ಎರಡು ಪಾವಿಗೆ ಅಚ್ಚೇರು, ನಾಲ್ಕಕ್ಕೆ ಸೇರು. ಅದನ್ನು ಮಿಲಿಲೀಟರಿನಲ್ಲಿ ಕೇಳುವುದು, ಅಜ್ಜಿಯನ್ನು ಆಧಾರ್ ನಂಬರ್ ಕೇಳಿದ ಹಾಗೆ. ಆದರೆ ತಂಗಿಯ ಕಷ್ಟ ನಿಜವಾದದ್ದೇ. ಅಮ್ಮನ ಹಳೆಯ ಡೈರಿಯಲ್ಲಿ ಬರೆದಿರುವುದು ಇಷ್ಟು: ನಾಲ್ಕು ಪಾವು ಅಕ್ಕಿ, ಅರ್ಧ ಕೆಜಿ ಬೆಲ್ಲ. ಅಕ್ಕಿಯನ್ನು ಅಜ್ಜಿಯ ಕಾಲದ ಪಾವಿನಲ್ಲಿ ಅಳೆದು, ಬೆಲ್ಲವನ್ನು ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ತಂದ ಪೀಳಿಗೆ ಅಮ್ಮನದು. ಎರಡನ್ನೂ ಪಾವಿನಲ್ಲೇ ಅಳೆದಿದ್ದರೆ ತಕರಾರೇ ಇರುತ್ತಿರಲಿಲ್ಲ; ಪಾವು ದೊಡ್ಡದಿರಲಿ ಚಿಕ್ಕದಿರಲಿ, ಇಷ್ಟಕ್ಕೆ ಇಷ್ಟು ಅನ್ನುವ ಲೆಕ್ಕ ಕೆಡುವುದಿಲ್ಲ. ಎರಡು ಅಳತೆಗಳು ಒಂದೇ ಬಾಣಲೆಗೆ ಇಳಿದಾಗಲೇ ಕಜ್ಜಾಯ ಒಡೆಯುವುದು.

“ನೀನು ಯಾವುದರಲ್ಲಿ ಅಳೆದೆ?”

“ಅನ್ನದ ಕುಕ್ಕರ್ ಜೊತೆ ಬಂತಲ್ಲ, ಆ ಕಪ್ಪಲ್ಲಿ.”

ಅಲ್ಲಿಗೆ ಅರ್ಧ ರೋಗ ಗೊತ್ತಾಯಿತು. ಆಸ್ಟ್ರೇಲಿಯಾದ ಅಡಿಗೆಮನೆಯಲ್ಲಿ ಒಂದು ಕಪ್ ಎಂದರೆ 250 ಮಿಲಿಲೀಟರ್. ಅಮೆರಿಕದಲ್ಲಿ ಅದು ಸುಮಾರು 240. ಎಲೆಕ್ಟ್ರಿಕ್ ಕುಕ್ಕರಿನ ಜೊತೆ ಬರುವ ಪ್ಲಾಸ್ಟಿಕ್ ಕಪ್ಪು ಈ ಎರಡೂ ಅಲ್ಲ. ಅದು ಜಪಾನಿನ ‘ಗೋ’ ಎಂಬ ಹಳೆಯ ಅಳತೆ, 180 ಮಿಲಿಲೀಟರ್. ಜಪಾನ್ ಸರ್ಕಾರ ಮೀಟರು ಲೀಟರುಗಳಿಗೆ ಯಾವತ್ತೋ ಬದಲಾಯಿತು. ಗೋ ಮಾತ್ರ ಕುಕ್ಕರಿನ ಹೊಟ್ಟೆಯಲ್ಲಿ ಅವಿತು ಕುಳಿತು ಲೋಕ ಸಂಚಾರ ಮಾಡುತ್ತಿದೆ. ನನ್ನ ತಂಗಿ ಆಸ್ಟ್ರೇಲಿಯಾದಲ್ಲಿ ಜಪಾನಿನ ಅಳತೆಯಿಂದ ಅಕ್ಕಿ ಅಳೆದು, ಫ್ರೆಂಚರ ಕಿಲೋದಲ್ಲಿ ಬೆಲ್ಲ ಹಾಕಿ, ಮಂಡ್ಯದ ಕಜ್ಜಾಯ ಕರಿಯಲು ಹೊರಟಿದ್ದಳು. ಅಕ್ಕಿ ಕಡಿಮೆ, ಬೆಲ್ಲ ಹೆಚ್ಚು. ಬಿಚ್ಚಿಕೊಳ್ಳದೆ ಇನ್ನೇನು?

ಇದಕ್ಕಾಗಿ ಅವಳು ಬೇಸರಪಡಬೇಕಾದ್ದಿಲ್ಲ. 1983ರ ಜುಲೈ 23ರಂದು ಕೆನಡಾದಲ್ಲಿ ಒಂದು ಬೋಯಿಂಗ್ 767 ವಿಮಾನಕ್ಕೆ ಇದೇ ಆಯಿತು. ಆ ದೇಶ ಆಗತಾನೇ ಪೌಂಡು ಬಿಟ್ಟು ಕಿಲೋಗೆ ಬರುತ್ತಿತ್ತು. ಬೇಕಾಗಿದ್ದ ಇಂಧನ 22,300 ಕೆಜಿ. ಲೀಟರಿಗೆ ಎಷ್ಟು ತೂಕ ಎಂದು ಗುಣಿಸುವಾಗ ಕೆಜಿಯ ಅಂಕಿ 0.8ರ ಬದಲು ಪೌಂಡಿನ ಅಂಕಿ 1.77 ಹಿಡಿದರು. ಅರ್ಧಕ್ಕೂ ಕಡಿಮೆ ಇಂಧನ ಹೊತ್ತು ಹಾರಿದ ವಿಮಾನದ ಎಂಜಿನ್‌ಗಳು ನಲವತ್ತೊಂದು ಸಾವಿರ ಅಡಿ ಎತ್ತರದಲ್ಲಿ ಒಂದಾದ ಮೇಲೊಂದು ನಿಂತುಹೋದವು. ಪುಣ್ಯಕ್ಕೆ ಪೈಲಟ್‌ಗೆ ಎಂಜಿನ್ ಇಲ್ಲದ ಗ್ಲೈಡರ್ ಹಾರಿಸಿ ಅಭ್ಯಾಸವಿತ್ತು. ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯಲ್ಲಿ, ಕಾರು ರೇಸಿಗೆ ಬಿಟ್ಟುಕೊಟ್ಟಿದ್ದ ರನ್‌ವೇ ಮೇಲೆ ಇಳಿಸಿದ. ಯಾರೂ ಸಾಯಲಿಲ್ಲ. ಬೋಯಿಂಗಿಗೇ ಹಾಗಾದ ಮೇಲೆ ಬಾಣಲೆಯದೇನು ಮಾತು ಎಂದು ತಂಗಿಗೆ ಹೇಳಿದೆ. ಅವಳು ಫೋನ್ ಇಟ್ಟಳು.

ಕಾಫಿ ಆರಿತ್ತು. ಆದರೆ ಪಾವು ತಲೆಯೊಳಗೆ ಹೊಕ್ಕಿತ್ತು.

ಅಜ್ಜಿಯ ಪಾವು ನನಗೆ ಚೆನ್ನಾಗಿ ನೆನಪಿದೆ. ಹಿತ್ತಾಳೆಯದು. ಬಾಯಿಯ ಸುತ್ತ ಎರಡು ಗೀರು, ಹುಣಿಸೆಹಣ್ಣಿನಲ್ಲಿ ಉಜ್ಜಿ ಉಜ್ಜಿ ಮೇಲಿನದು ಅರ್ಧ ಮಾಸಿತ್ತು. ಸೊಂಟದಲ್ಲಿ ಒಂದು ನೆಗ್ಗು. ಒರಳುಕಲ್ಲಿನ ಮೇಲೆ ಬಿದ್ದು ಆದದ್ದೆಂದು ನಾನು ಕೇಳಿದ್ದೆ. ಅಜ್ಜಿಯ ಬಲಗೈ ಹೆಬ್ಬೆರಳು ಆ ನೆಗ್ಗಿನಲ್ಲಿ ಸರಿಯಾಗಿ ಕೂರುತ್ತಿತ್ತು. ಹೆಬ್ಬೆರಳಿಗಾಗಿಯೇ ಮಾಡಿಸಿದ ಹಾಗೆ. ಅಕ್ಕಿಯ ಡಬ್ಬಕ್ಕೆ ಪಾವು ಇಳಿಸಿ, ಮೇಲೆತ್ತಿ, ಎಡ ಅಂಗೈಯಿಂದ ತಲೆ ಸವರಿ, ಮೊರಕ್ಕೆ ಸುರಿಯುವಳು. ಮೊದಲನೆಯದಕ್ಕೆ ಒಂದು ಎನ್ನುವಂತಿಲ್ಲ. “ಲಾಭ.” ಆಮೇಲೆ “ಎರಡು”, “ಮೂರು”.

ನೆಗ್ಗು ಬಿದ್ದ ಮೇಲೆ ಪಾವಿನಲ್ಲಿ ಹಿಡಿಯುವ ಅಕ್ಕಿ ಒಂದಿಷ್ಟು ಕಡಿಮೆಯಾಗಿರಲೇಬೇಕು. ತಾತ ಒಂದೆರಡು ಸಲ, “ಯಾಕೋ ಅನ್ನ ಸಾಲ್ತಿಲ್ವಲ್ಲೇ” ಎಂದು ಗೊಣಗಿದ್ದುಂಟು. ಅಜ್ಜಿಯ ಉತ್ತರ ಸಿದ್ಧವಾಗಿರುತ್ತಿತ್ತು: “ಪಾವು ಇದ್ದಷ್ಟೇ ಇದೆ. ನಿಮ್ಮ ಹೊಟ್ಟೆ ದೊಡ್ಡದಾಗಿದೆ.”

ಇದು ದಬ್ಬಾಳಿಕೆಯ ಮಾತು ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಪ್ಯಾರಿಸ್ಸಿನ ಪಕ್ಕದ ಸೆವ್ರ್ ಎಂಬಲ್ಲಿ ಲೋಕದ ದೊಡ್ಡ ದೊಡ್ಡ ವಿಜ್ಞಾನಿಗಳು ನೂರಾ ಮೂವತ್ತು ವರ್ಷ ಇದೇ ಮಾತಾಡಿಕೊಂಡಿದ್ದರು ಎಂದು ಓದಿದ ಮೇಲೆ ಅಜ್ಜಿಯ ಬಗ್ಗೆ ಗೌರವ ಹೆಚ್ಚಿತು.

ಅಲ್ಲಿ ಒಂದು ಹಳೆಯ ರಾಜಕಾಲದ ಬಂಗಲೆಯಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಕಚೇರಿ ಇದೆ. 1875ರ ಮೇ 20ರಂದು 17 ದೇಶಗಳು ಸಹಿ ಹಾಕಿ ಕಟ್ಟಿಕೊಂಡದ್ದು. ಅದರ ನೆಲಮಾಳಿಗೆಯಲ್ಲಿ ಒಂದು ತಿಜೋರಿ. ತಿಜೋರಿಯೊಳಗೆ ಒಂದರ ಮೇಲೊಂದು ಕವುಚಿದ ಮೂರು ಗಾಜಿನ ಗಂಟೆಗಳು. ಅವುಗಳ ಒಳಗೆ ಒಂದು ಲೋಹದ ಗುಂಡು. ಎತ್ತರ 39 ಮಿಲಿಮೀಟರ್, ಅಡ್ಡಗಲವೂ ಅಷ್ಟೇ. ನೂರಕ್ಕೆ ತೊಂಬತ್ತು ಭಾಗ ಪ್ಲಾಟಿನಂ, ಹತ್ತು ಭಾಗ ಇರಿಡಿಯಂ. ಮಂಗಳಾರತಿ ತಟ್ಟೆಯಲ್ಲಿಟ್ಟರೆ ಕರ್ಪೂರದ ಡಬ್ಬಿ ಅಂದುಕೊಳ್ಳಬೇಕು, ಅಷ್ಟು ಸಣ್ಣದು. 1889ರಿಂದ 2019ರವರೆಗೆ ಈ ಭೂಮಿಯ ಮೇಲೆ ಕಿಲೋಗ್ರಾಂ ಎಂದರೆ ಇದು. ಇದರಷ್ಟು ತೂಗುವುದು ಎಂದಲ್ಲ. ಇದೇ.

ತಿಜೋರಿಗೆ ಮೂರು ಬೀಗ. ಒಂದು ಕೀಲಿಕೈ ಕಚೇರಿಯ ನಿರ್ದೇಶಕರ ಹತ್ತಿರ, ಇನ್ನೊಂದು ಅಂತರರಾಷ್ಟ್ರೀಯ ಸಮಿತಿಯ ಅಧ್ಯಕ್ಷರ ಹತ್ತಿರ, ಮೂರನೆಯದು ಫ್ರಾನ್ಸಿನ ರಾಷ್ಟ್ರೀಯ ಪತ್ರಾಗಾರದಲ್ಲಿ. ಮೂವರೂ ಕೂಡಿ ಬಂದರೆ ಮಾತ್ರ ಬಾಗಿಲು ತೆರೆಯುವುದು. ತೆರೆದರೂ ಅದನ್ನು ಕೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡು ಅಂಟಿದರೆ ಲೋಕದ ತೂಕವೆಲ್ಲ ಬದಲಾದೀತು. ತೂಗುವ ಮುಂಚೆ ಅದಕ್ಕೆ ಅಭ್ಯಂಜನವೂ ಉಂಟು. ಈಥರ್ ಮತ್ತು ಆಲ್ಕೋಹಾಲಿನಲ್ಲಿ ಅದ್ದಿದ ಮೆದು ಚರ್ಮದಿಂದ ಉಜ್ಜಿ, ಎರಡು ಸಲ ಭಟ್ಟಿ ಇಳಿಸಿದ ನೀರಿನ ಹಬೆ ಹಿಡಿಯುತ್ತಾರೆ. ಇಷ್ಟು ಮಡಿ ನಮ್ಮ ಯಾವ ದೇವರ ಮನೆಯಲ್ಲೂ ಇಲ್ಲ.

ಅದೇ ಲೋಹದಿಂದ, ಅದೇ ಅಳತೆಗೆ ಮಾಡಿದ ನಕಲುಗಳನ್ನು ದೇಶಗಳಿಗೆ ಹಂಚಿದರು. ಬಲು ಅಪರೂಪಕ್ಕೊಮ್ಮೆ ಅವನ್ನೆಲ್ಲ ತವರಿಗೆ ಕರೆಸಿ ಮೂಲದ ಜೊತೆ ತೂಗಿ ನೋಡುವುದು. 1989ರ ಹೊತ್ತಿಗೆ ಹಾಗೆ ತೂಗಿದಾಗ ಒಂದು ಮುಜುಗರ ಎದುರಾಯಿತು. ನೂರು ವರ್ಷದಲ್ಲಿ ಮೂಲಕ್ಕೂ ಬಹಳಷ್ಟು ನಕಲುಗಳಿಗೂ ನಡುವೆ ಸುಮಾರು 50 ಮೈಕ್ರೋಗ್ರಾಂ ಅಂತರ ಬಿದ್ದಿತ್ತು. ಒಂದು ರೆಪ್ಪೆಗೂದಲಿನಷ್ಟು. ಮೂಲ ಸವೆಯಿತೋ, ನಕಲುಗಳು ಮೈ ತುಂಬಿಕೊಂಡವೋ, ಹೇಳುವ ದಾರಿಯೇ ಇಲ್ಲ. ಯಾಕೆಂದರೆ ಮೂಲ ಸವೆಯುವಂತಿಲ್ಲ. ಕಿಲೋ ಎಂದರೆ ಅದೇ ಆದ ಮೇಲೆ ಅದು ಒಂದು ಕಿಲೋಗಿಂತ ಕಡಿಮೆ ಆಗುವುದು ಹೇಗೆ? ಹಾಗಾಗಿ ಕಾನೂನಿನ ಪ್ರಕಾರ ಆಗಿದ್ದು ಇಷ್ಟೇ: ಗುಂಡು ಇದ್ದಷ್ಟೇ ಇದೆ, ಉಳಿದ ಬ್ರಹ್ಮಾಂಡ ಭಾರವಾಗಿದೆ. ಬೆಟ್ಟ, ಆನೆ, ಮಂಡ್ಯದ ಬೆಲ್ಲ, ನಾನು, ನೀವು, ಎಲ್ಲ.

ನಿಮ್ಮ ಹೊಟ್ಟೆ ದೊಡ್ಡದಾಗಿದೆ ಎಂದು ಅಜ್ಜಿ ಅಂದದ್ದರಲ್ಲಿ ಏನು ತಪ್ಪು?

ಇಂಥ ಒಂದು ಗುಂಡಿಗಾಗಿ ಮನುಷ್ಯರು ಇಷ್ಟು ಒದ್ದಾಡಿದ್ದು ಯಾಕೆ ಎಂದರೆ ಫ್ರಾನ್ಸಿನ ರೈತರನ್ನು ಕೇಳಬೇಕು. 1789ರ ಕ್ರಾಂತಿಗೆ ಮುಂಚೆ ಆ ಒಂದು ದೇಶದಲ್ಲಿ ಸುಮಾರು ಎರಡೂವರೆ ಲಕ್ಷ ಬಗೆಯ ಅಳತೆಗಳಿದ್ದವೆಂದು ಅಂದಾಜು. ಹೆಸರು ಒಂದೇ, ಊರಿಂದೂರಿಗೆ ಗಾತ್ರ ಬೇರೆ. ಅದಕ್ಕಿಂತ ಹೊಟ್ಟೆ ಉರಿಸುತ್ತಿದ್ದದ್ದು ಜಮೀನ್ದಾರನ ಕೊಳಗ. ಗೇಣಿಯ ಧಾನ್ಯ ಅಳೆಸಿಕೊಳ್ಳುವಾಗ ಅದಕ್ಕೆ ಗೋಪುರ, ಅದೇ ಧಾನ್ಯವನ್ನು ಅವನು ಮಾರುವಾಗ ತಲೆ ಸವರಿದ ಅಳತೆ. ಕೊಳಗ ಅದೇ, ಕೈ ಬೇರೆ. ಕ್ರಾಂತಿಗೆ ಮುಂಚೆ ಊರೂರಿನವರು ದೊರೆಗೆ ಬರೆದ ಅಹವಾಲುಗಳಲ್ಲಿ ನಮಗೆ ಒಂದೇ ಅಳತೆ ಕೊಡಿ ಎಂಬುದು ಮತ್ತೆ ಮತ್ತೆ ಬರುತ್ತದೆ. ಇದನ್ನು ಓದಿದಾಗ ನಮ್ಮ ಕಡೆಯ ಕಣಗಳು ನೆನಪಾದವು. ಮೈಸೂರು ಸೀಮೆಯಲ್ಲಿ ಕಚ್ಚಾ ಸೇರು ಎಂದರೆ 24 ರೂಪಾಯಿ ತೂಕ, ಪಕ್ಕಾ ಸೇರು ಅದರ ಮೂರು ಪಟ್ಟಿಗೂ ಮೇಲೆ. ಎರಡಕ್ಕೂ ಸೇರು ಎಂದೇ ಹೆಸರು. ‘ಹತ್ತು ಖಂಡುಗದ ಗದ್ದೆ’ ಎಂದರೆ ಹತ್ತು ಖಂಡುಗ ಬೀಜ ಹಿಡಿಯುವ ಗದ್ದೆ. ಬೀಜವನ್ನು ಒತ್ತಾಗಿ ಚೆಲ್ಲುವವನ ಗದ್ದೆ ಚಿಕ್ಕದು, ತೆಳುವಾಗಿ ಚೆಲ್ಲುವವನ ಗದ್ದೆ ದೊಡ್ಡದು. ಜಗಳಕ್ಕೆ ಇದಕ್ಕಿಂತ ಫಲವತ್ತಾದ ಭೂಮಿ ಬೇಕೆ?

ಕ್ರಾಂತಿಯವರು ಅರ್ಧಂಬರ್ಧ ಕೆಲಸ ಮಾಡುವವರಲ್ಲ. ಯಾವ ರಾಜನ ಕಾಲೂ ಬೇಡ ಕೈಯೂ ಬೇಡ, ಭೂಮಿಯನ್ನೇ ಅಳೆಯೋಣ ಎಂದರು. ಉತ್ತರ ಧ್ರುವದಿಂದ ಭೂಮಧ್ಯ ರೇಖೆಗೆ ಎಷ್ಟು ದೂರವೋ ಅದರ ಕೋಟಿಯಲ್ಲೊಂದು ಪಾಲು ಮೀಟರ್ ಎಂದು 1791ರಲ್ಲಿ ತೀರ್ಮಾನವಾಯಿತು. ಅಷ್ಟು ದೂರವನ್ನೂ ನಡೆದು ಅಳೆಯಲಾಗುತ್ತದೆಯೆ? ಡಂಕರ್ಕ್‌ನಿಂದ ಬಾರ್ಸಿಲೋನಾವರೆಗಿನ ತುಂಡನ್ನು ಅಳೆದು ಉಳಿದದ್ದನ್ನು ಲೆಕ್ಕ ಹಾಕುವುದು ಎಂದಾಯಿತು. ಉತ್ತರದ ಪಾಲು ದಲಾಂಬ್ರನಿಗೆ, ದಕ್ಷಿಣದ್ದು ಮೆಶಾಂಗೆ. ಇಬ್ಬರೂ ಖಗೋಳಶಾಸ್ತ್ರಜ್ಞರು. 1792ರಲ್ಲಿ ಹೊರಟರು. ಬೇಗ ಮುಗಿಯುತ್ತದೆಂದುಕೊಂಡ ಕೆಲಸ ಆರೇಳು ವರ್ಷ ಹಿಡಿಯಿತು. ದೇಶದಲ್ಲಿ ರಾಜನ ತಲೆ ಉರುಳುತ್ತಿರುವಾಗ, ಗುಡ್ಡದ ಮೇಲೆ ನಿಂತು ದುರ್ಬೀನಿನಲ್ಲಿ ಇನ್ನೊಂದು ಗುಡ್ಡ ನೋಡುವವನನ್ನು ಜನ ಏನೆಂದುಕೊಳ್ಳಬೇಕು? ಬೇಹುಗಾರ ಎಂದು ಹಿಡಿದು ಕೂರಿಸಿದರು. ದೂರಕ್ಕೆ ಕಾಣಲೆಂದು ಗೋಪುರಕ್ಕೆ ಬಿಳಿ ಬಟ್ಟೆ ಕಟ್ಟಿದರೆ ಅದು ರಾಜವಂಶದ ಬಣ್ಣ ಎಂದು ಗಲಾಟೆ. ದಲಾಂಬ್ರ ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ ಪಟ್ಟಿ ಸೇರಿಸಿ ಬಟ್ಟೆಯನ್ನು ದೇಶಭಕ್ತನನ್ನಾಗಿ ಮಾಡಬೇಕಾಯಿತು.

ನನಗೆ ಕರುಳು ಚುರ್ ಅನ್ನುವುದು ಮೆಶಾಂ ವಿಷಯದಲ್ಲಿ. ಬಾರ್ಸಿಲೋನಾದ ಗುಡ್ಡದ ಕೋಟೆಯಿಂದ ನಕ್ಷತ್ರ ನೋಡಿ ಅಕ್ಷಾಂಶ ಅಳೆದ. ಅಷ್ಟರಲ್ಲಿ ಫ್ರಾನ್ಸಿಗೂ ಸ್ಪೇನಿಗೂ ಯುದ್ಧ ಹತ್ತಿ, ಊರಿಗೆ ಮರಳಲಾಗದೆ ಕೆಳಗಿನ ಪೇಟೆಯ ಒಂದು ಹೋಟೆಲಿನಲ್ಲಿ ಉಳಿದ. ಸುಮ್ಮನೆ ಕೂರಲಾರದೆ ಅಲ್ಲಿಂದಲೂ ಅಳೆದ. ಅದೇ ಅವನು ಮಾಡಿಕೊಂಡ ತಪ್ಪು. ಎರಡು ಲೆಕ್ಕಗಳಿಗೆ ತಾಳೆ ಬೀಳಲಿಲ್ಲ. ಮೂರು ಸೆಕೆಂಡಿನಷ್ಟು ಕೋನದ ವ್ಯತ್ಯಾಸ, ನೆಲದ ಮೇಲೆ ಹೆಚ್ಚೆಂದರೆ ನೂರು ಮೀಟರ್. ಮೆಶಾಂ ಯಾರಿಗೂ ಹೇಳಲಿಲ್ಲ. ವರ್ಷಗಟ್ಟಲೆ ಅದನ್ನು ಎದೆಯಲ್ಲಿಟ್ಟುಕೊಂಡು ಸೊರಗಿದ. ಮತ್ತೆ ಅಳತೆ ಮುಂದುವರಿಸುತ್ತೇನೆಂದು ಸ್ಪೇನಿಗೆ ಹೋಗಿ 1804ರಲ್ಲಿ ಜ್ವರ ಬಂದು ಅಲ್ಲೇ ತೀರಿಕೊಂಡ. ಅವನ ಕಾಗದಗಳು ದಲಾಂಬ್ರನ ಕೈಗೆ ಬಂದಾಗಲೇ ಗುಟ್ಟು ಹೊರಬಿದ್ದದ್ದು. ಅವರ ಮೀಟರ್ ಇರಬೇಕಾದ್ದಕ್ಕಿಂತ 0.2 ಮಿಲಿಮೀಟರ್ ಗಿಡ್ಡವಾಗಿರುವುದು ನಿಜ. ಆದರೆ ಅದಕ್ಕೆ ಮುಖ್ಯ ಕಾರಣ ಮೆಶಾಂ ಅಲ್ಲ, ಭೂಮಿಯೇ. ಅದು ಲೆಕ್ಕದ ಪುಸ್ತಕದಲ್ಲಿದ್ದಷ್ಟು ನಯವಾಗಿ ಚಪ್ಪಟೆಯಾಗಿಲ್ಲ. ಅಲ್ಲಲ್ಲಿ ಉಬ್ಬು ತಗ್ಗು. ಭೂಮಿಗೂ ಒಂದು ನೆಗ್ಗು ಇದೆ ಎಂದು ಅವನಿಗೆ ಯಾರಾದರೂ ಹೇಳಿದ್ದರೆ ಪಾಪ, ನಾಲ್ಕು ದಿನ ಹೆಚ್ಚು ಬದುಕುತ್ತಿದ್ದನೇನೋ.

ಇಷ್ಟಾದರೂ ಮೀಟರ್ ಉಳಿಯಿತು. ಉಳಿಯದೇ ಹೋದದ್ದು ಗಡಿಯಾರ. ಅದೇ ಕ್ರಾಂತಿಯವರು 1793ರಲ್ಲಿ ದಿನಕ್ಕೆ ಹತ್ತು ಗಂಟೆ, ಗಂಟೆಗೆ ನೂರು ನಿಮಿಷ ಎಂದು ಕಾನೂನು ಮಾಡಿದರು. 1795ಕ್ಕೆ ಕೈಬಿಟ್ಟರು. ಏಳು ದಿನದ ವಾರ ತೆಗೆದು ಹತ್ತು ದಿನದ್ದು ತಂದರು. ಅದೂ ಉಳಿಯಲಿಲ್ಲ. ಅಳತೆ ಯಾವುದನ್ನಾದರೂ ಬದಲಿಸಿ, ಮನುಷ್ಯ ಗೊಣಗಿಕೊಂಡು ಒಪ್ಪುತ್ತಾನೆ. ಅವನ ಭಾನುವಾರಕ್ಕೆ ಕೈಹಾಕಬಾರದು.

ನಮ್ಮ ಮನೆಗೆ ದಶಮಾನ ಕಾಲಿಟ್ಟದ್ದು 1957ರ ಏಪ್ರಿಲ್ 1ರಂದು. ನಾನಿನ್ನೂ ಹುಟ್ಟಿರಲಿಲ್ಲ, ಆದರೆ ತಾತ ಆ ಗಾಯವನ್ನು ಕೊನೆಯವರೆಗೂ ತೋರಿಸುತ್ತಿದ್ದರು. ಹದಿನಾರಾಣೆಯ, ಅರವತ್ನಾಲ್ಕು ಕಾಸಿನ ರೂಪಾಯಿಗೆ ನೂರು ನಯಾಪೈಸೆ ಆಯಿತು. ಆಣೆಗೆ ಆರೂಕಾಲು ಪೈಸೆ ಬೀಳುತ್ತದೆ. ಕಾಲು ಪೈಸೆ ಎಲ್ಲಿಂದ ತರುವುದು? ಸರ್ಕಾರ ಒಂದು ಪಟ್ಟಿ ಹಾಕಿತು. ಒಂದಾಣೆಗೆ 6, ಎರಡಾಣೆಗೆ 12, ಮೂರಕ್ಕೆ 19, ನಾಲ್ಕಕ್ಕೆ 25. ತಾತ ನಾಲ್ಕು ಒಂದಾಣೆಗಳನ್ನು ಬೇರೆ ಬೇರೆ ಕೊಟ್ಟು ಇಪ್ಪತ್ನಾಲ್ಕೇ ಪೈಸೆ ಪಡೆದರಂತೆ. ಆ ಒಂದು ಪೈಸೆಯನ್ನು ಅವರು ನೆಹರೂ ಲೆಕ್ಕಕ್ಕೆ ಬರೆದಿಟ್ಟಿದ್ದರು.

ಮರುವರ್ಷದಿಂದ ತೂಕ. 1956ರ ಕಾನೂನಿನಂತೆ ಒಂದೊಂದೇ ಕಡೆ ಸೇರು ಹೋಗಿ ಕಿಲೋ ಬಂತು. ಎಂಬತ್ತು ತೊಲದ ಸೇರು ಎಂದರೆ 933 ಗ್ರಾಂ. ಕಿಲೋಗೆ ಅದಕ್ಕಿಂತ 67 ಗ್ರಾಂ ಹೆಚ್ಚು. ಅಷ್ಟೇ ದುಡ್ಡಿಗೆ ಕಿಲೋ ಕೊಡಲು ಅಂಗಡಿಯವನು ಒಪ್ಪನು, ಹೆಚ್ಚು ಕೊಡಲು ಅಜ್ಜಿ ಒಪ್ಪಳು. ಅಜ್ಜಿ ಕಂಡುಕೊಂಡ ಪರಿಹಾರ ಸರಳವಾಗಿತ್ತು. ಕಿಲೋ ಅಂಗಡಿಯಲ್ಲಿರಲಿ, ಹೊಸ್ತಿಲಿನ ಈಚೆಗೆ ಪಾವು.

ಆ ಅಂಗಡಿಯ ಕಬ್ಬಿಣದ ಕಲ್ಲುಗಳು ನನಗೆ ಆಟದ ಸಾಮಾನು. ಮಗುಚಿದರೆ ಅಡಿಯಲ್ಲೊಂದು ಗುಳಿ, ಗುಳಿಯಲ್ಲಿ ಸೀಸ, ಸೀಸದ ಮೇಲೆ ಉಗುರಿಗೆ ಸಿಗುವ ಸರ್ಕಾರಿ ಮುದ್ರೆ. ಕಲ್ಲು ಸವೆದರೆ ಸೀಸ ತುಂಬಿ ಸರಿ ಮಾಡಿ, ಇಲಾಖೆಯವರು ಮತ್ತೆ ಮುದ್ರೆ ಒತ್ತುತ್ತಿದ್ದರು. ಆ ಮುದ್ರೆ ಎಲ್ಲಿಂದ ಬಂತು ಎಂದು ಹಿಂದೆ ಹಿಂದೆ ಹೋದರೆ ದಾರಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ ಹೋಗುತ್ತದೆ. ಸೆವ್ರ್‌ನಿಂದ ಬಂದ 57ನೇ ನಂಬರಿನ ಪ್ಲಾಟಿನಂ ಗುಂಡು ಅಲ್ಲಿದೆ. ಮಗಳನ್ನು ಕೊಟ್ಟ ಹಾಗೆ ಅಲ್ಲಿಂದ ಇಲ್ಲಿಗೆ. ನಮ್ಮೂರಿನ ಶೆಟ್ಟರ ಅಂಗಡಿಯ ಬೆಲ್ಲಕ್ಕೂ ಪ್ಯಾರಿಸ್ಸಿನ ಗಾಜಿನ ಗಂಟೆಗೂ ನಂಟಸ್ತನವಿತ್ತು. ನಾವಿಬ್ಬರೂ, ಅಂದರೆ ನಾನೂ ಶೆಟ್ಟರೂ, ಅದನ್ನು ತಿಳಿಯದೆ ಬದುಕಿದೆವು.

ಈಗಲೂ ನಾವೇನು ಪೂರ್ತಿ ಬದಲಾಗಿಲ್ಲ. ಬಟ್ಟೆ ಮೀಟರಿನಲ್ಲಿ, ಹೂವು ಮೊಳದಲ್ಲಿ, ಟಿವಿ ಇಂಚಿನಲ್ಲಿ. ಮನೆ ಕಟ್ಟಿದರೆ ಚದರ, ಹೊಲ ಕೊಂಡರೆ ಗುಂಟೆ. ಹೊರಗಿನ ಬಿಸಿಲು ಸೆಲ್ಸಿಯಸ್, ಮೈಯೊಳಗಿನ ಜ್ವರ ಫ್ಯಾರನ್‌ಹೀಟ್. ಹುಡುಗನ ಎತ್ತರ ಅಡಿಯಲ್ಲಿ ಕೇಳಿ, ತೂಕ ಕೆಜಿಯಲ್ಲಿ ಕೇಳಿ, ಸಂಬಳವನ್ನು ಲಕ್ಷದಲ್ಲಿ ಕೇಳುತ್ತೇವೆ. ನನ್ನ ಹೆಂಡತಿ ಚಿನ್ನವನ್ನು ಗ್ರಾಂನಲ್ಲಿ ಕೊಂಡು ತೊಲದಲ್ಲಿ ಹೇಳಿಕೊಳ್ಳುತ್ತಾಳೆ.

ಸರಿ, ಪಾವು. ಅಜ್ಜಿ ಹೋದ ಮೇಲೆ ಅದು ಮದ್ದೂರಿನ ದೊಡ್ಡಪ್ಪನ ಮನೆ ಸೇರಿತ್ತು. ಒಂದು ಅಡಿಗೆಮನೆ ತಕ್ಕಡಿ ಆನ್‌ಲೈನಿನಲ್ಲಿ ತರಿಸಿ, ಚೀಲಕ್ಕೆ ಹಾಕಿಕೊಂಡು ಹೊರಟೆ. ಅಲ್ಲಿಯೂ ಮೂರು ಕೀಲಿಕೈ. ದೊಡ್ಡಪ್ಪ ಹೂಂ ಅನ್ನಬೇಕು, ಬೀರುವಿನ ಬೀಗದಕೈ ದೊಡ್ಡಮ್ಮನ ಸೊಂಟದಿಂದ ಬರಬೇಕು, ಯಾವ ಖಾನೆಯಲ್ಲಿದೆ ಎಂಬುದು ಸೊಸೆಗೆ ಮಾತ್ರ ಗೊತ್ತು, ಅವಳು ಶಾಲೆಯಿಂದ ಮಗುವನ್ನು ಕರೆತರಲು ಹೋಗಿದ್ದಾಳೆ. ಮೂವರೂ ಕೂಡುವ ಹೊತ್ತಿಗೆ ಮಧ್ಯಾಹ್ನ ಮೂರಾಯಿತು.

ಪಾವು ಬಂತು. ಅದೇ ಹಿತ್ತಾಳೆ, ಅದೇ ನೆಗ್ಗು. ನನ್ನ ಹೆಬ್ಬೆರಳನ್ನು ಇಟ್ಟು ನೋಡಿದೆ, ಕೂತಿತು. ಖಾಲಿ ಪಾವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿದೆ. ಒಂದು ಗ್ರಾಂ ನೀರು ಒಂದು ಮಿಲಿಲೀಟರ್. 1799ರಲ್ಲಿ ಪ್ಯಾರಿಸ್ಸಿನವರು ಮಾಡಿದ್ದೂ ಇದನ್ನೇ, ತಿರುವಿ. ಲೀಟರ್ ನೀರನ್ನು ಇಟ್ಟುಕೊಂಡು ಕಿಲೋ ಎಷ್ಟೆಂದು ಕಂಡುಕೊಂಡರು. ನಾನು ಅವರ ಕಿಲೋ ಇಟ್ಟುಕೊಂಡು ಅಜ್ಜಿಯ ಪಾವನ್ನು ಕಂಡುಕೊಳ್ಳಲು ಹೊರಟಿದ್ದೆ. ತಕ್ಕಡಿ 7.5 ಅಂತ ತೋರಿಸಿತು.

“ಏಳೂವರೆಯಾ?” ದೊಡ್ಡಮ್ಮ ಎರಡು ಹೆಜ್ಜೆ ಹಿಂದೆ ಸರಿದರು. “ಬೇಡ ಕಣಪ್ಪ, ಎತ್ತಿಡು. ಹಬ್ಬದ ಮುಂದೆ ಏಳೂವರೆ ಶನಿ ಮನೆಗೆ ಕರೀಬೇಡ.”

ತಕ್ಕಡಿ ಔನ್ಸ್ ತೋರಿಸುತ್ತಿತ್ತು. ಅಡಿಯಲ್ಲೊಂದು ಗುಂಡಿ ಒತ್ತಿದರೆ ಗ್ರಾಂ. ಒತ್ತಿದೆ. 213. ಶನಿ ಬಿಟ್ಟಿತು, ದೊಡ್ಡಮ್ಮ ಮುಂದೆ ಬಂದರು. ನೆಗ್ಗಿನ ಮೇಲೆ ಬೆರಳಾಡಿಸಿ, “ಇದು ನಂದೇ ಕಣಪ್ಪ” ಅಂದರು. “ಮದುವೆಯಾಗಿ ಈ ಮನೆ ಹೊಸ್ತಿಲು ದಾಟುವಾಗ ಬಲಗಾಲಲ್ಲಿ ಒದೆಯಮ್ಮ ಅಂದ್ರು. ಒದ್ದೆ. ಎದುರು ಕಂಬಕ್ಕೆ ಹೋಗಿ ಹೊಡೀತು. ಅಕ್ಕಿ ಪಡಸಾಲೆ ತುಂಬಾ. ನಿಮ್ಮಜ್ಜಿ ಆರು ತಿಂಗಳು ಆಡ್ಕೊಂಡ್ರು.”

ಸೆವ್ರ್‌ನವರಿಗೆ ಇದನ್ನು ಹೇಗೆ ವಿವರಿಸುವುದು? ಅಲ್ಲಿ ಬೆರಳು ತಾಗಿದರೆ ಪ್ರಾಯಶ್ಚಿತ್ತ. ನಮ್ಮಲ್ಲಿ ಮನೆಗೆ ಬರುವ ಪ್ರತಿ ಸೊಸೆಯೂ ಪಾವನ್ನು ಒದ್ದು ಒಳಗೆ ಬರುತ್ತಾಳೆ.

ತಂಗಿಗೆ 213 ಎಂದು ಮೆಸೇಜ್ ಕಳಿಸಿದೆ. ಹೊರಡುವಾಗ ದೊಡ್ಡಪ್ಪ ಗೇಟಿನ ತನಕ ಬಂದು, ದನಿ ತಗ್ಗಿಸಿ, “ಮೈಸೂರಿನವನೂ ಒಂದು ಪಾವು ಇಟ್ಕೊಂಡಿದ್ದಾನಂತೆ. ಅದೇ ಅಮ್ಮಂದು ಅಂತ ಹೇಳ್ಕೊಂಡು ತಿರುಗ್ತಾನೆ” ಅಂದರು. ಮೈಸೂರಿನವನು ಎಂದರೆ ನನ್ನ ಚಿಕ್ಕಪ್ಪ. ಮೂರು ಗುಂಟೆಯ ವಿಷಯಕ್ಕೆ ಇಬ್ಬರಿಗೂ ಹದಿನೈದು ವರ್ಷದಿಂದ ಮಾತಿಲ್ಲ. ಎರಡು ಪಾವುಗಳನ್ನು ಒಂದೆಡೆ ಸೇರಿಸಿ ತೂಗುವ ಮಾತೇ ಇಲ್ಲ. ಪ್ಯಾರಿಸ್ಸಿನಲ್ಲಿ ನಕಲುಗಳು ಮೂಲದ ಹತ್ತಿರ ಹೋಗುತ್ತಿದ್ದವು. ನಮ್ಮಲ್ಲಿ ತಕ್ಕಡಿಯೇ ಓಡಾಡಬೇಕು. ಬಸ್ ಹತ್ತಿದೆ.

ಬಸ್ಸಿನಲ್ಲಿ ಕೂತಾಗ ಆ ಗುಂಡಿನ ಈಗಿನ ಗತಿ ನೆನಪಾಯಿತು. 2018ರ ನವೆಂಬರ್ 16ರಂದು ವರ್ಸೈಯಲ್ಲಿ ದೇಶಗಳೆಲ್ಲ ಸೇರಿ, ಇನ್ನು ಮೇಲೆ ಕಿಲೋ ಎಂದರೆ ಆ ಗುಂಡಲ್ಲ ಎಂದು ಒಮ್ಮತದಿಂದ ಕೈ ಎತ್ತಿದವು. ಪ್ಲಾಂಕ್ ಸ್ಥಿರಾಂಕ ಎಂಬ ಪ್ರಕೃತಿಯದೇ ಒಂದು ಅಂಕಿಯನ್ನು ಶಾಶ್ವತವಾಗಿ ನಿಗದಿ ಮಾಡಿ, ಅದರಿಂದ ಕಿಲೋವನ್ನು ಕಂಡುಕೊಳ್ಳುವುದು ಎಂದಾಯಿತು. ಅದಕ್ಕೊಂದು ತಕ್ಕಡಿಯಿದೆ, ಕಿಬಲ್ ಎಂಬ ಇಂಗ್ಲಿಷ್ ವಿಜ್ಞಾನಿಯ ಹೆಸರಿನದು. ಅದರಲ್ಲಿ ಒಂದು ಕಡೆ ತೂಕ, ಎದುರಿಗೆ ಕಲ್ಲಿನ ಬದಲು ಕರೆಂಟಿನ ಬಲ. 2019ರ ಮೇ 20ರಿಂದ ಜಾರಿ. ಮೀಟರಿಗೆ ಇದು ಮುಂಚೆಯೇ ಆಗಿತ್ತು. 1983ರಿಂದ ಅದು ಬೆಳಕಿನ ಓಟದ ಲೆಕ್ಕ. ಗುಂಡನ್ನು ಯಾರೂ ಹೊರಗೆ ಹಾಕಿಲ್ಲ. ಸೊಸೆಗೆ ಯಜಮಾನಿಕೆ ಬಿಟ್ಟುಕೊಟ್ಟ ಅತ್ತೆಯ ಹಾಗೆ ಅದೇ ತಿಜೋರಿಯಲ್ಲಿ, ಅದೇ ಗಂಟೆಗಳ ಒಳಗೆ ಕೂತಿದೆ. ಒಂದೇ ವ್ಯತ್ಯಾಸ: ಈಗ ಅದನ್ನೂ ತೂಗಬಹುದು. ಅದೂ ಒಂದು ಕೂದಲೆಳೆ ಕಡಿಮೆ ಬರಬಹುದು.

ಮೈಸೂರಿನ ಮನೆಯಲ್ಲಿ ಚಿಕ್ಕಮ್ಮ ಮೊದಲು ಊಟ ಬಡಿಸಿದರು, ಆಮೇಲೆ ಪಾವು ತಂದರು. ಹಿತ್ತಾಳೆ. ಬಾಯಿಯ ಸುತ್ತ ಎರಡು ಗೀರು, ಮೇಲಿನದು ಅರ್ಧ ಮಾಸಿದೆ. ಸೊಂಟದಲ್ಲಿ ನೆಗ್ಗು. ಹೆಬ್ಬೆರಳು ಇಟ್ಟೆ. ಇಲ್ಲಿಯೂ ಕೂತಿತು.

“ಈ ನೆಗ್ಗು…”

“ನಾನೇ ಒದ್ದಿದ್ದು” ಅಂದರು ಚಿಕ್ಕಮ್ಮ, ನಾಚಿಕೊಂಡು. “ನಿಮ್ಮ ಚಿಕ್ಕಪ್ಪ ಮೆಲ್ಲಗೆ ಅಂತಿದ್ರು. ನಂಗೆ ಗಾಬರಿ.”

ಒಳಗಿನಿಂದ ಚಿಕ್ಕಪ್ಪ ಕೂಗಿದರು: “ಮನೇಲಿ ಪಾವು ಎರಡಿತ್ತು ಕಣೋ. ಅಳೆಯೋದು ಒಂದು, ಒದೆಯೋದು ಒಂದು. ಅವರ ಮನೇಲಿರೋದು ಒದೆಯೋದು.”

ನೀರು ತುಂಬಿದೆ. 226. ಮತ್ತೆ ತುಂಬಿದೆ, 224. ಕೈ ನಡುಗಿ ಒಂದಿಷ್ಟು ನೀರು ಆಚೆ ಹೋಗಿತ್ತು. ಮೂರನೆಯ ಸಲ ಮತ್ತೆ 226. ಚಿಕ್ಕಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

“ಅಲ್ಲೆಷ್ಟು ಬಂತು?”

“ಎಲ್ಲಿ?”

“ಮದ್ದೂರಲ್ಲಿ.”

ಹೇಳಲೋ ಬೇಡವೋ ಎಂದು ತೂಗುತ್ತಿರುವಾಗಲೇ ಅವರಿಗೆ ಉತ್ತರ ಸಿಕ್ಕಿಹೋಯಿತು. “ಕಮ್ಮಿ ಬಂದಿರುತ್ತೆ ಬಿಡು” ಎಂದು ಒಳಗೆ ನಡೆದರು. ನಾನು ತಂಗಿಗೆ ಇನ್ನೊಂದು ಮೆಸೇಜ್ ಬರೆಯುತ್ತಾ ಕೂತೆ. 213 ಎಂದಿದ್ದೆ, 226 ಎಂದೂ ಇದೆ, ಎರಡೂ ಅಜ್ಜಿಯದೇ. ಕಳಿಸುವಷ್ಟರಲ್ಲಿ ಅವಳದೇ ಬಂತು: ‘ಇನ್ನೂರೈವತ್ತರ ಕಪ್ಪಲ್ಲೇ ಹಾಕಿದೆ ಅಣ್ಣ. ಒಡೀಲಿಲ್ಲ. ಸ್ವಲ್ಪ ಗಟ್ಟಿ.’ ಜೊತೆಗೊಂದು ಫೋಟೊ. ಕಜ್ಜಾಯ ಎಂದು ಯಾರೂ ಹೇಳದೆಯೇ ಗೊತ್ತಾಗುತ್ತಿತ್ತು.

ಚಿಕ್ಕಮ್ಮ ಒಂದು ಬಟ್ಟೆಯ ಚೀಲ ಹಿಡಿದು ಬಂದರು. ಹಿಂದೆಯೇ ಅಕ್ಕಿಯ ಡಬ್ಬ. “ನಮ್ಮ ಗದ್ದೇದು. ಹಬ್ಬಕ್ಕೆ ಕಜ್ಜಾಯ ಮಾಡಿಸ್ಕೊ” ಎಂದು ನೆಲಕ್ಕೆ ಕೂತು, ನೀರು ಒರೆಸಿದ ಪಾವನ್ನು ಡಬ್ಬಕ್ಕೆ ಇಳಿಸಿದರು. ಮೇಲೆ ಬಂದಾಗ ಅಕ್ಕಿ ಅಂಚು ದಾಟಿ ಗೋಪುರವಾಗಿತ್ತು. ನಾನು ಅಭ್ಯಾಸಬಲದಿಂದ ತಲೆ ಸವರಲು ಅಂಗೈ ಚಾಚಿದೆ. ಚಿಕ್ಕಮ್ಮ ಫಟ್ಟನೆ ನನ್ನ ಕೈಗೆ ಹೊಡೆದರು.

“ಲಾಭ” ಎಂದು ಚೀಲಕ್ಕೆ ಸುರಿದರು.